ಬರುವವರು ಕಾಣುವ ದೂರ

ಪುತ್ತರಿಯ ಕದಿರು ಬಾಗಿಲಿಗೆ ಕಟ್ಟಿ
ಮೂರನೇ ದಿನಕ್ಕೆ ಹೊರಟೆವು, ಈ ವರ್ಷವೂ.
ಬೀಗದ ಕೈ, ನಾಯಿ, ಅರ್ಧ ಎಕರೆಯ ಕಾಫಿ ಹಣ್ಣು
ಎಲ್ಲ ಪಕ್ಕದ ಮನೆಯ ಕಾಮವ್ವನಿಗೆ ಒಪ್ಪಿಸಿ.
"ರಿಟೈರಾದವರು ಮನೇಲಿರೋದು ಯಾವಾಗ?" ಅಂದಳು.
ಪೊನ್ನಂಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಅದನ್ನೇ ಕೇಳಿದರು.

ನನ್ನ ಗಂಡ ಪೆಮ್ಮಯ್ಯನದು ಮೂವತ್ತಾರು ವರ್ಷ ಕರೆಂಟು ಕಂಬ.
ಜೂನಿನಲ್ಲಿ ಹತ್ತಿದವರು ಸೆಪ್ಟೆಂಬರಿನಲ್ಲಿ ಇಳಿದರು ಅಂತ
ನಾನು ತಮಾಷೆ ಮಾಡುವುದುಂಟು.
ಅಷ್ಟೂ ಮಳೆಗಾಲ ಮಂಡಿಯೊಳಗೆ ಇನ್ನೂ ಆರದೆ ಕೂತಿದೆ.
ಗೋಣಿಕೊಪ್ಪದ ಡಾಕ್ಟರು "ಒಣ ಗಾಳಿ" ಅಂದದ್ದೇ ತಡ
ಭೂಪಟ ಹಾಸಿ, ಎಲ್ಲಕ್ಕಿಂತ ಒಣಗಿದ ಜಾಗಕ್ಕೆ
ಬೆರಳಿಟ್ಟರು.
ಫಲೋದಿ.
ಮೂರು ರೈಲು, ಒಂದು ಜೀಪು.

ಮೊದಲ ವಾರ ಅಲ್ಲಿ ನನಗೆ ಅಳು ಬಂದಿತ್ತು.
ಕಣ್ಣಿಗೆ ಒರಗಲು ಒಂದು ಬೆಟ್ಟವಿಲ್ಲ,
ನೋಟ ಹೋಗಿ ಹೋಗಿ, ಸುಸ್ತಾಗಿ ವಾಪಸು ಬರುತ್ತಿತ್ತು.
ವಿರಾಜಪೇಟೆಯ ಎಕ್ಸ್‌ಚೇಂಜಿನಲ್ಲಿ
ದೂರದವರನ್ನು ಕಿವಿಯಿಂದಲೇ ಕಂಡವಳು ನಾನು;
ದೂರ ಎಂದರೆ ಕರಕರ ಸದ್ದು, ಮೂರು ನಿಮಿಷ, ಬಿಲ್ಲು.
ಅಲ್ಲಿ ದೂರ ಎಂದರೆ ಒಂದು ಚುಕ್ಕೆ.
ಮನೆಯೊಡತಿ ಗವರಿ ಕಣ್ಣು ಕಿರಿದು ಮಾಡಿ
"ಯಾರೋ ಬರ್ತಿದ್ದಾರೆ" ಅನ್ನುತ್ತಾಳೆ.
ಹಿಟ್ಟು ನಾದುತ್ತಾಳೆ. ಒಲೆ ಊದುತ್ತಾಳೆ.
ಚುಕ್ಕೆಗೆ ಕಾಲು ಮೂಡುತ್ತದೆ, ಆಮೇಲೆ ಮುಂಡಾಸಿಗೆ ಬಣ್ಣ.
"ಸೋದರಮಾವ. ತುಪ್ಪ ಜಾಸ್ತಿ ಬೇಕು."
ಅವನು ಹೊಸಿಲು ಮುಟ್ಟುವಾಗ ರೊಟ್ಟಿ ಬಿಸಿ.

ಬಿಡುವಿತ್ತೇ ನಮಗೆ? ಎಲ್ಲಿಂದ.
ಬೆಳಿಗ್ಗೆ ಕುರ್ಜಾ ಹಕ್ಕಿಗಳಿಗೆ ಜೋಳ ಚೆಲ್ಲಬೇಕು,
ಬೂದು ಕೊಕ್ಕರೆಗಳು, ಮಂಗೋಲಿಯದ ಕಡೆಯ ನೆಂಟರು.
ಪೆಮ್ಮಯ್ಯ ಕಂಬ ಎಣಿಸಿದ ಹಾಗೆ ಎಣಿಸುತ್ತಾರೆ,
ದಿನಾ ತಪ್ಪುತ್ತಾರೆ.
ಮಧ್ಯಾಹ್ನ ಊರವರ ಫ್ಯಾನು, ಸ್ವಿಚ್ಚು, ಒಂದು ಪಂಪ್‌ಸೆಟ್ಟು.
ಸಂಜೆ ಹುಡುಗಿಯರಿಗೆ ಅಕ್ಕಿರೊಟ್ಟಿ ಕಲಿಸಹೋಗಿ ಸೋತೆ;
ಕಡಂಬುಟ್ಟು ಮಾತ್ರ ಗೆದ್ದಿತು.

ಮಾರ್ಚಿಗೆ ಹಕ್ಕಿಗಳು ಎದ್ದವು, ನಾವೂ ಎದ್ದೆವು.
ಮನೆಗೆ ಬಂದರೆ ಕಾಫಿ ಹೂ ಮುಗಿದಿತ್ತು,
ನೆಂಟರು ಶುರುವಾಗಿದ್ದರು:
ನಾದಿನಿಯ ಬೀಗರು, ನನ್ನ ಜೊತೆಯ ಐವರು ಆಪರೇಟರುಗಳು,
ಹಾಕಿ ಪಂದ್ಯಕ್ಕೆಂದು ಹನ್ನೊಂದು ಹುಡುಗರು,
ಯಾರ ಕಡೆಯವರೋ ಇನ್ನೂ ಗೊತ್ತಾಗದ ಒಬ್ಬ ಅಜ್ಜ.
ಇಲ್ಲಿ ಯಾರೂ ಚುಕ್ಕೆಯಾಗಿ ಬರುವುದಿಲ್ಲ.
ತಿರುವಿನಲ್ಲಿ ಹಾರ್ನು, ಬಾಗಿಲಲ್ಲಿ ಮುಖ,
ಪಾತ್ರೆಯಲ್ಲಿ ಅನ್ನ ಇಷ್ಟೇ.

ಮೇ ತಿಂಗಳಿಗೆ ಗವರಿ ಬಂದಳು, ಅವಳ ಮೂಲಾರಾಮನೂ.
ಹಸಿರನ್ನೆಲ್ಲ ನನ್ನದೇ ಎಂಬಂತೆ ತೋರಿಸಿದೆ.
ಹೊಳೆ ನೋಡಿದಳು, ಹೂಂ ಅಂದಳು.
ಮರ ನೋಡಿದಳು, ಮರದ ಹಿಂದಿನ ಮರ ನೋಡಿದಳು.
ರಾತ್ರಿ ಎರಡಕ್ಕೆ ಅಡುಗೆಮನೆಯಲ್ಲಿ ದೀಪ.
"ಇಲ್ಲಿ ಎಲ್ಲಾ ಕಡೆ ಗೋಡೆ," ಅಂದಳು,
"ಯಾರು ಬರ್ತಾರೆ ಅಂತ ಕಾಣದಿದ್ದರೆ
ನೀವು ಹಿಟ್ಟು ಕಲಸೋದು ಹೇಗೆ?"

ಉತ್ತರ ಇರಲಿಲ್ಲ. ಚಾಪೆ ಇತ್ತು.
ಕಾಫಿ ಒಣಗಿಸುವ ಕಣಕ್ಕೆ ಕರೆದೊಯ್ದೆ:
ನಲವತ್ತಡಿ ಸಿಮೆಂಟು, ಬಿಸಿಲು ಕುಡಿದು ಇನ್ನೂ ಬೆಚ್ಚಗೆ,
ಮೇಲೆ ಅಷ್ಟೇ ಅಗಲದ ಆಕಾಶ.
ಬರಿಗಾಲಲ್ಲಿ ಉದ್ದಕ್ಕೆ ನಡೆದಳು, ಅಡ್ಡಕ್ಕೆ ನಡೆದಳು,
ಖರೀದಿಗೆ ಬಂದವಳಂತೆ. ನಡುವೆ ಮಲಗಿದಳು.
ಏನು, ಏನು ಎನ್ನುತ್ತ ಗಂಡಸರಿಬ್ಬರು ದಿಂಬು ಹಿಡಿದು ಬಂದರು.
ಐದು ನಿಮಿಷಕ್ಕೆ ಮೂವರಿಗೂ ಗೊರಕೆ.

ಹೋಗುವಾಗ ಸೀಸೆಯಲ್ಲಿ ಹೊಳೆಯ ನೀರು ಒಯ್ಯುತ್ತಾಳೆ
ಅಂದುಕೊಂಡಿದ್ದೆ.
ಕರಿಮೆಣಸು ಕೇಳಿದಳು, ಎರಡು ಸೇರು, ಚೌಕಾಸಿ ಮಾಡಿ.

ಸೂಟ್‌ಕೇಸು ಇನ್ನೂ ಅಟ್ಟ ಸೇರಿಲ್ಲ.
ಅಲುಗಿಸಿದರೆ ಮೂಲೆಯಲ್ಲಿ ಮರಳು ಸರ್ರೆನ್ನುತ್ತದೆ,
ಟ್ರಂಕ್ ಲೈನಿನಲ್ಲಿ ಯಾರೋ ಮಾತಾಡದೆ ಉಸಿರಾಡಿದ ಹಾಗೆ.
ಸಂಜೆ ಕಣದಲ್ಲಿ ಕುರ್ಚಿ ಹಾಕಿ
ಕಣ್ಣು ಕಿರಿದು ಮಾಡಿ ಗೇಟಿನವರೆಗೆ ನೋಡುತ್ತೇನೆ,
ನನಗಿರುವ ದೂರ ಅಷ್ಟೇ.
ಅಗೋ, ಕಾಮವ್ವ. ಕೈಯಲ್ಲಿ
ಈವರೆಗೂ ಹಿಂದಿರುಗಿಸದ ನಮ್ಮ ಬೀಗದ ಕೈ.
ಮೂವತ್ತು ಹೆಜ್ಜೆ ಇದೆ.
ರೀ, ಒಲೆ ಹಚ್ಚಿ.